ಎರಡೂ ಪಟ್ಟಿಯಲ್ಲಿ ಇಲ್ಲದ ಮನೆ

ಮೇ ೩, ೨೦೨೧, ಸೋಮವಾರ

ಇವತ್ತು ನಲವತ್ತೊಂದು ಮನೆ. ನಲವತ್ತೊಂದು ಬಾಗಿಲಲ್ಲೂ ಒಂದೇ ಉತ್ತರ: ಜ್ವರ ಇಲ್ಲ, ಕೆಮ್ಮಿಲ್ಲ, ಎಲ್ಲಾ ಚೆಂದಾಗೈತೆ ಟೀಚರಮ್ಮ. ಒಂದು ಮನೆಯಲ್ಲಿ ಒಳಕೋಣೆಯಿಂದ ಎದೆ ಬಿರಿಯುವ ಹಾಗೆ ಕೆಮ್ಮು ಕೇಳಿಸುತ್ತಿದೆ. ಅದ್ಯಾರು ಅಂದರೆ, ‘ಅದು ಕರ ಕಣವ್ವ, ಹಸೀ ಹುಲ್ಲು ತಿಂದು ಹಂಗಾಡ್ತೈತೆ’ ಅಂದಳು ಆ ಮಹಾತಾಯಿ. ಇಪ್ಪತ್ತಮೂರು ವರ್ಷ ಮಾದಿಹಳ್ಳಿ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟಿದ್ದೇನೆ. ಆ ಬಾಗಿಲುಗಳ ಹಿಂದೆ ನಿಂತವರಲ್ಲಿ ಅರ್ಧ ಜನ ನನ್ನ ಕೈಲಿ ಕಿವಿ ಹಿಂಡಿಸಿಕೊಂಡವರು. ನನಗೇ ಸುಳ್ಳು ಹೇಳುತ್ತಾರೆ.

ಸ್ಕೂಲು ಮುಚ್ಚಿರುವುದರಿಂದ ನಮ್ಮನ್ನು ಮನೆಮನೆ ಸಮೀಕ್ಷೆಗೆ ಹಾಕಿದ್ದಾರೆ. ಜೊತೆಗೆ ಆಶಾ ಕಾರ್ಯಕರ್ತೆ ಲತಾಮಣಿ. ಟೆಸ್ಟಿನಲ್ಲಿ ಪಾಸಿಟಿವ್ ಬಂದು ಬಾಗಿಲಿಗೆ ಟೇಪು ಕಟ್ಟಿಸಿಕೊಂಡ ಮನೆ ಊರಿಗೆಲ್ಲ ಐದು. ಸರ್ಕಾರದ ಲೆಕ್ಕದಲ್ಲೂ ಐದು. ಐದಂತೆ, ನನ್ನ ತಲೆ. ಪರೀಕ್ಷೆಗೇ ಕೂರದ ಹುಡುಗ ಫೇಲೇ ಆಗಿಲ್ಲ ಅಂದ ಹಾಗಾಯಿತು ಇದು.

ಬೇಲೂರಿನ ಮನೆಗೆ ಬಂದು ಹಿತ್ತಿಲಲ್ಲೇ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದೆ. ನನಗೆ ಬಂದರೆ ಬರಲಿ, ನಾಲ್ಕು ದಿನ ಮಲಗಿ ಏಳುತ್ತೇನೆ. ನನ್ನ ಹೆದರಿಕೆಯೆಲ್ಲ ಇವರದು. ಐವತ್ತೆಂಟು ವಯಸ್ಸು, ಹದಿನಾಲ್ಕು ವರ್ಷದ ಸಕ್ಕರೆ ಕಾಯಿಲೆ, ಲಸಿಕೆ ಒಂದೇ ಡೋಸು ಆಗಿದೆ. ಇಷ್ಟಾದರೂ ಬೆಳಿಗ್ಗೆ ಐದಕ್ಕೆ ಎದ್ದು ಮೇಲಿನ ಬೀದಿಯ ಗೋಪಾಲಸ್ವಾಮಿ ಗುಡಿಗೆ ನೈವೇದ್ಯದ ಅಡುಗೆಗೆ ಹೋಗಲೇಬೇಕು. ಭಕ್ತರಿಗೇ ಬಾಗಿಲು ಹಾಕಿದ್ದಾರೆ, ನೀವ್ಯಾಕೆ ಹೋಗಬೇಕು ಅಂದರೆ, ‘ಗುಡಿಗೆ ಬಾಗಿಲು ಹಾಕಿದಾರೆ ಕಣೇ, ದೇವರ ಹೊಟ್ಟೆಗೆ ಹಾಕಿಲ್ಲ’ ಅನ್ನುತ್ತಾರೆ. ತಾತನ ಕಾಲದಿಂದ ಒಂದು ದಿನ ತಪ್ಪಿಲ್ಲವಂತೆ.

ಯಾರ ಹತ್ತಿರವಾದರೂ ಬೈದುಕೊಳ್ಳದಿದ್ದರೆ ನನಗೆ ಊಟ ಇಳಿಯುವುದಿಲ್ಲ. ಈ ವರ್ಷದ ಪಾಠ ಟಿಪ್ಪಣಿ ಪುಸ್ತಕ ಖಾಲಿ ಬಿದ್ದಿದೆ. ಇದರ ಹತ್ತಿರವೇ ಬೈದುಕೊಳ್ಳುತ್ತೇನೆ.

ಮೇ ೫, ಬುಧವಾರ

ಇವತ್ತು ಮಾಸ್ಕಿನ ಪರೀಕ್ಷೆ. ಮನೆಯಲ್ಲಿ ಇದ್ದಬದ್ದದ್ದನ್ನೆಲ್ಲ ಹಾಕಿಕೊಂಡು ನೋಡಿದೆ. ಬಟ್ಟೆ ಅಂಗಡಿಯವನು ಸೀರೆಯ ಜೊತೆ ಪುಕ್ಕಟೆ ಕೊಟ್ಟ ಹೂವಿನ ಮಾಸ್ಕು: ಅದನ್ನು ಹಾಕಿಕೊಂಡೇ ಊದಿದರೆ ಮೇಣದಬತ್ತಿ ನಂದಿಹೋಯಿತು. ಮೆಡಿಕಲ್ ಶಾಪಿನ ನೀಲಿ ಮಾಸ್ಕಿನಲ್ಲಿ ಬತ್ತಿ ನಂದಲಿಲ್ಲ, ಆದರೆ ಕನ್ನಡಕಕ್ಕೆ ಆವಿ ಕಟ್ಟಿತು. ಆವಿ ಕಟ್ಟಿತು ಅಂದರೆ ಮೂಗಿನ ಪಕ್ಕ ಗಾಳಿ ಸೋರುತ್ತಿದೆ ಅಂತ ಅರ್ಥ. ಹೊರಗೆ ಹೋಗುವ ದಾರಿಯಲ್ಲೇ ಅದು ಒಳಗೂ ಬರುತ್ತದೆ. ನೀಲಿಯದರ ಮೇಲೆ ಬಟ್ಟೆಯದು ಬಿಗಿಯಾಗಿ ಕಟ್ಟಿದರೆ ಪರವಾಗಿಲ್ಲ, ಮೇಲಿನ ಅಂಚಿನಲ್ಲಿ ಮಾತ್ರ ಸ್ವಲ್ಪ ಮಂಜು. ಇವರು ಗುಡಿಯಲ್ಲಿ ಮೂಗಿಗೆ ಸುತ್ತಿಕೊಳ್ಳುವ ಉತ್ತರೀಯವನ್ನೂ ನೋಡಿದೆ. ಅದಕ್ಕೆ ಸೊನ್ನೆ ಅಂಕ.

ಪ್ರಿಯಂವದಾಗೆ ಫೋನ್ ಮಾಡಿದೆ. ಮಗಳು ಅರಸೀಕೆರೆಯಲ್ಲಿ ಖಾಸಗಿ ಲ್ಯಾಬಿನಲ್ಲಿದ್ದಾಳೆ, ದಿನಾ ಮೂಗಿಗೆ ಕಡ್ಡಿ ಹಾಕುವ ಕೆಲಸ. ಅಪ್ಪನಿಗೆ ಎನ್‌ ತೊಂಬತ್ತೈದೇ ಬೇಕು ಅಂದಳು. ತನ್ನ ಪಾಲಿನದರಲ್ಲಿ ಎರಡು ಉಳಿಸಿದ್ದಾಳಂತೆ. ‘ಅಮ್ಮ, ಅದನ್ನ ಒಗೀಬಾರದು. ಬಾಚಣಿಗೆ ತಲೆಗೆ ಉಜ್ಜಿದ್ರೆ ಕಾಗದದ ಚೂರು ಹಿಡ್ಕೊಳ್ಳುತ್ತಲ್ಲ, ಅದರ ನೂಲಿಗೂ ಅಂಥದೇ ಹಿಡಿತ ಇರುತ್ತೆ. ತೊಳೆದ್ರೆ ಹೋಯ್ತು, ಬರೀ ಬಟ್ಟೆ. ಒಂದಿನ ಹಾಕಿ ಕಾಗದದ ಕವರಲ್ಲಿ ಒಣಗೋಕೆ ಬಿಡಿ.’ ಎರಡು ಸಲ ಹೇಳಿದಳು. ನನಗೇ ಪಾಠ ಮಾಡುತ್ತಾಳೆ, ಇರಲಿ.

ಮೇ ೭, ಶುಕ್ರವಾರ

ಬಸ್ಸಿಲ್ಲ. ಔಷಧಿ ವ್ಯಾನಿನ ಶಶಿಕಿರಣನ ಕೈಲಿ ಪ್ರಿಯಂವದಾ ಮಾಸ್ಕು ಕಳಿಸಿದ್ದಳು. ಹಳೇಬೀಡಿನ ಬಸ್ ಸ್ಟ್ಯಾಂಡಿಗೆ ಹೋಗಿ ಇಸಕೊಂಡು ಬಂದೆ. ಪೊಲೀಸಿನವನು ಸ್ಕೂಟಿ ನಿಲ್ಲಿಸಿ ಪಾಸು ಕೇಳಿದ. ಅವನ ಮಾಸ್ಕು ಗಲ್ಲದ ಕೆಳಗಿತ್ತು. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ.

ಸಂಜೆ ಇವರ ಹತ್ತಿರ ಒಂದು ಗಂಟೆ ಜಗಳ. ಹೊಲಿದದ್ದು, ಯಾರು ಯಾರೋ ಮುಟ್ಟಿದ್ದು, ಆಸ್ಪತ್ರೆಯ ವಸ್ತು, ಅದನ್ನು ಮುಖಕ್ಕೆ ಕಟ್ಟಿಕೊಂಡು ದೇವರ ಒಲೆಯ ಮುಂದೆ ಕೂರಬೇಕೇ ಅಂದರು. ಅವರ ಮಡಿ ನನಗೆ ಗೊತ್ತಿಲ್ಲದ್ದೇ? ಬಾವಿಯಲ್ಲಿ ಸೇದಿದ ನೀರಲ್ಲಿ ಹಿಂಡಿ, ಎತ್ತರದ ಗಳದ ಮೇಲೆ ಯಾರೂ ಮುಟ್ಟದ ಹಾಗೆ ಒಣಗಿಸಿದ ಪಂಚೆಯೇ ಆಗಬೇಕು. ಕೊನೆಗೆ ನಾನೇ ಒಂದು ಉಪಾಯ ಮಾಡಿದೆ. ಇದನ್ನೂ ಮಡಿ ಅಂತಲೇ ಇಟ್ಟುಕೊಳ್ಳಿ, ಗುಡಿಯ ಅಡುಗೆಮನೆ ಬಿಟ್ಟು ಆಚೆ ತರಬೇಡಿ, ನೀವು ಪಂಚೆ ಹೇಗೆ ಜೋಪಾನ ಮಾಡ್ತೀರೋ ಹಾಗೇ ಇದನ್ನೂ ಮಾಡಿ ಅಂದೆ. ಆಗಲಿ ಅಂದರು.

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಒಗೆಯಬಾರದು ಅನ್ನುವ ಮಾತನ್ನು ಮಾತ್ರ ಈಗಲೇ ಎತ್ತಲಿಲ್ಲ. ಎತ್ತಿದ್ದರೆ ಕೈಯಲ್ಲಿ ಮುಟ್ಟುತ್ತಲೂ ಇರಲಿಲ್ಲ. ಎರಡು ದಿನ ಅಭ್ಯಾಸವಾಗಲಿ, ನಿಧಾನಕ್ಕೆ ಹೇಳಿದರಾಯಿತು. ಇನ್ನೊಂದು ಮಾಸ್ಕು ನನಗೆ.

ಮೇ ೧೦, ಸೋಮವಾರ

ಇವತ್ತಿಂದ ಪೂರ್ತಿ ಲಾಕ್‌ಡೌನ್. ಬೆಳಿಗ್ಗೆ ಮಾದಿಹಳ್ಳಿಯ ಹಾಲಿನ ಡೈರಿಯ ಹತ್ತಿರ ನಿಂತಿದ್ದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಸುಮಾರು ಜನ ಎರಡೆರಡು ಕ್ಯಾನು ಹಿಡಿದು ಬರುತ್ತಿದ್ದಾರೆ. ತಮ್ಮದನ್ನು ಅಳೆಸಿ, ಆಮೇಲೆ ಇನ್ನೊಂದು ನಂಬರ್ ಹೇಳಿ ಅದನ್ನೂ ಅಳೆಸುತ್ತಾರೆ. ಲತಾಮಣಿಯನ್ನು ಕೇಳಿದೆ. ಮನೆಯಲ್ಲಿ ಯಾರಾದರೂ ಮಲಗಿದರೆ ಪಕ್ಕದ ಮನೆಯವರು ಹಸು ಕರೆದು ಇವರ ನಂಬರಿಗೆ ಹಾಲು ಹಾಕುವುದು ಈ ಊರಿನ ಪದ್ಧತಿಯಂತೆ. ಹೆರಿಗೆಗೂ ಸಾವಿಗೂ ಹೀಗೇ ಅಂತೆ. ಇಷ್ಟು ವರ್ಷ ಈ ಊರಲ್ಲಿ ಪಾಠ ಮಾಡಿಯೂ ನನಗೆ ಗೊತ್ತಿರಲಿಲ್ಲ.

ಅಂದರೆ ಬಾಗಿಲಲ್ಲಿ ಸುಳ್ಳು ಹೇಳಿದವರು ಡೈರಿಯಲ್ಲಿ ಸಿಕ್ಕಿಬೀಳುತ್ತಾರೆ. ಕಾರ್ಯದರ್ಶಿ ಚಿಕ್ಕಬೀರಯ್ಯನವರಿಗೆ ಯಾರ ಹಾಲು ಯಾರು ತಂದರು ಅನ್ನುವುದು ಬೆರಳ ತುದಿಯಲ್ಲಿರುತ್ತದೆ. ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ‘ಯಾರ ಮನೆ ಒಳಗಿನ ಸಮಾಚಾರ ನಾನ್ಯಾಕೆ ಯೋಳ್ಲಿ ಟೀಚರಮ್ಮ? ನಂಬ್ಕಂಡು ಹಾಲು ಹಾಕ್ತಾರೆ’ ಅಂದರು. ಹೆಸರು ಬೇಡ, ನಂಬರ್ ಸಾಕು, ಆಫೀಸಿಗೂ ಕೊಡುವುದಿಲ್ಲ ಅಂತ ಪ್ರಮಾಣ ಮಾಡಿದೆ. ನೋಡಾನ ಅಂದರು. ಅವರ ಮನೆಯವರು ಗಿರಿಯಮ್ಮ ಒಳಗಿಂದ ಮಜ್ಜಿಗೆ ತಂದು ಕಟ್ಟೆಯ ಮೇಲಿಟ್ಟು ದೂರ ನಿಂತರು. ಮಾಸ್ಕು ತೆಗೆಯುವ ಧೈರ್ಯ ಬರಲಿಲ್ಲ. ಆಮೇಲೆ ಕುಡಿಯುತ್ತೇನೆ ಅಂತ ಹೇಳಿ ಅಲ್ಲೇ ಬಿಟ್ಟುಬಂದೆ. ಪಾಪ, ಬೇಜಾರು ಮಾಡಿಕೊಂಡರೋ ಏನೋ.

ಮೇ ೧೨, ಬುಧವಾರ

ಚಿಕ್ಕಬೀರಯ್ಯನವರು ಚೀಟಿ ಕೊಟ್ಟರು. ಹದಿನೈದು ದಿನದಲ್ಲಿ ಬೇರೆಯವರು ಹಾಲು ಹಾಕಿದ ಮನೆ ಇಪ್ಪತ್ತನಾಲ್ಕು. ಲತಾಮಣಿಯ ಹತ್ತಿರ ಇನ್ನೊಂದು ಪಟ್ಟಿ ಇದೆ, ಅವಳಿಂದ ಗುಟ್ಟಾಗಿ ಜ್ವರದ ಮಾತ್ರೆ ಇಸಕೊಂಡವರದು. ಅದರಲ್ಲಿ ಹಸು ಇಲ್ಲದವರನ್ನು ತೆಗೆದೆ. ಉಳಿದದ್ದು ಇಪ್ಪತ್ತು ಮನೆ. ಎರಡೂ ಪಟ್ಟಿಯಲ್ಲಿ ಇರುವ ಮನೆ ಎಂಟೇ.

ಇದರಿಂದ ಏನು ಗೊತ್ತಾಗುತ್ತೆ ಅಂದಳು ಲತಾಮಣಿ. ಅವಳ ಮನೆಯ ಹುಣಸೆ ಬೀಜದ ಡಬ್ಬಿ ತರಿಸಿದೆ. ಒಂದು ಹಿಡಿ ತೆಗೆದು ಇಪ್ಪತ್ತಕ್ಕೆ ಸುಣ್ಣದ ಬೊಟ್ಟಿಟ್ಟು ಮತ್ತೆ ಡಬ್ಬಿಗೆ ಹಾಕಿ ಕುಲುಕಿದೆ. ಈಗ ಕಣ್ಮುಚ್ಚಿ ಇಪ್ಪತ್ತನಾಲ್ಕು ತೆಗಿ ಅಂದೆ. ತೆಗೆದದ್ದರಲ್ಲಿ ಮೂರರಲ್ಲೊಂದು ಪಾಲು ಬೊಟ್ಟಿನದು ಬಂದರೆ, ಡಬ್ಬಿಯಲ್ಲಿರುವ ಒಟ್ಟು ಬೀಜದಲ್ಲೂ ಬೊಟ್ಟಿನದು ಮೂರರಲ್ಲೊಂದು ಪಾಲೇ ಇರಬೇಕು. ಬೊಟ್ಟಿನದು ಇಪ್ಪತ್ತು, ಆದ್ದರಿಂದ ಒಟ್ಟು ಅರವತ್ತು. ಡಬ್ಬಿಯನ್ನು ಸುರಿದು ಎಣಿಸಬೇಕಾಗಿಯೇ ಇಲ್ಲ. ಮಾದಿಹಳ್ಳಿಯೂ ಹಾಗೇ. ಹಾಲಿನ ಪಟ್ಟಿಯ ಇಪ್ಪತ್ತನಾಲ್ಕರಲ್ಲಿ ಎಂಟು ಮಾತ್ರೆಯವರದು, ಮೂರರಲ್ಲೊಂದು.

ಲತಾಮಣಿ ಬಾಯಿ ಬಿಟ್ಟುಕೊಂಡು ಕೇಳಿದಳು. ಕ್ಲಾಸಿನಲ್ಲಿ ಒಬ್ಬರೂ ಹೀಗೆ ಕೇಳಿದ್ದಿಲ್ಲ.

ಹಸು ಇರುವ ನೂರ ನಲವತ್ತು ಮನೆಯಲ್ಲಿ ಅರವತ್ತರಲ್ಲಿ ಜ್ವರ. ಸರ್ಕಾರಕ್ಕೆ ಐದು. ನಮ್ಮ ಎರಡು ಪಟ್ಟಿ ಸೇರಿದರೆ ಸಿಗುವುದು ಮೂವತ್ತಾರು ಮನೆ. ಇನ್ನೂ ಇಪ್ಪತ್ತನಾಲ್ಕು ಮನೆ ಎರಡೂ ಪಟ್ಟಿಯಲ್ಲಿ ಇಲ್ಲ. ಮಾತ್ರೆ ಕೇಳಿಲ್ಲ, ಪಕ್ಕದವರನ್ನೂ ಕರೆದಿಲ್ಲ, ಬಾಗಿಲು ಹಾಕಿಕೊಂಡು ಕೂತಿದ್ದಾರೆ. ಎಂಥಾ ಜನ ಇವರು. ಸೆರಗಲ್ಲಿ ಕೆಂಡ ಕಟ್ಟಿಕೊಂಡು ಹೊಗೆ ಬರುತ್ತಿಲ್ಲ ಅನ್ನುವವರು. ನನ್ನ ಕೈಗೆ ಸಿಕ್ಕರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಮೇ ೧೩, ಗುರುವಾರ

ಸಮೀಕ್ಷೆಯ ಮೇಲ್ವಿಚಾರಕ ಜಯದೇವಪ್ಪನವರಿಗೆ ಲೆಕ್ಕ ತೋರಿಸಿದೆ. ಹೆಸರು, ನಂಬರ್ ಯಾವುದೂ ಇಲ್ಲ, ಮೊತ್ತ ಮಾತ್ರ. ಒಳ್ಳೇ ಮನುಷ್ಯರು, ಎರಡು ಸಲ ಓದಿದರು. ‘ಲೆಕ್ಕ ಸರಿಯಾಗೇ ಇದೆ ಮೇಡಂ. ಆದ್ರೆ ಅಂದಾಜಿಗೆ ಫಾರಂನಲ್ಲಿ ಕಾಲಂ ಇಲ್ಲ’ ಅಂದರು. ಕಾಲಂ ಇಲ್ಲದ ಜ್ವರ ಜ್ವರವೇ ಅಲ್ಲವಂತೆ.

ಮನೆಗೆ ಬರುವಾಗ ಇನ್ನೊಂದು ಲೆಕ್ಕ ತಲೆಗೆ ಬಂತು, ಬರಬಾರದಿತ್ತು. ಗುಡಿಯಲ್ಲಿ ಇವರನ್ನು ಬಿಟ್ಟು ಮೂವರು: ಅರ್ಚಕ ವಿಜಯಸಾರಥಿ, ನೀರು ತರುವವರು, ವಾದ್ಯದವರು. ಐದು ಜನಕ್ಕೊಬ್ಬರಿಗೆ ಇದೆ ಅಂತ ಇಟ್ಟುಕೊಂಡರೂ, ಮೂವರಲ್ಲಿ ಒಬ್ಬರಿಗಾದರೂ ಇರುವ ಸಾಧ್ಯತೆ ನೂರಕ್ಕೆ ನಲವತ್ತೊಂಬತ್ತು. ನಾಣ್ಯ ಚಿಮ್ಮಿದ ಹಾಗೆ, ದಿನಾ. ವಿಜಯಸಾರಥಿ ಎರಡು ದಿನದಿಂದ ಕೆಮ್ಮುತ್ತಿದ್ದಾನೆ ಅಂತ ಇವರೇ ಹೇಳಿದರು. ಮಂಗಳಾರತಿ ಹೊಗೆಗೆ ಅಂತೆ. ಇವರ ಚಿಕ್ಕಪ್ಪನ ಮಗ, ಅದಕ್ಕೇ ನಂಬುತ್ತಾರೆ.

ಮಾಸ್ಕು ಹಾಕಿಕೊಳ್ತಿದ್ದೀರಾ ಅಂತ ಕೇಳಿದೆ. ‘ಒಂದು ಕ್ಷಣ ಬಿಟ್ಟಿಲ್ಲ ಕಣೇ, ನಿನ್ನಾಣೆ’ ಅಂದರು. ಉಸಿರು ಬಂತು. ಆ ಒಂದು ಮಾಸ್ಕಿನಿಂದ ನನಗೆ ನಿದ್ದೆ ಬರುತ್ತಿದೆ.

ಮೇ ೧೫, ಶನಿವಾರ

ಡೈರಿಯಲ್ಲಿ ಗಿರಿಯಮ್ಮ ಕಾಣಲಿಲ್ಲ. ಮಜ್ಜಿಗೆಯ ವಿಷಯಕ್ಕೆ ಏನಾದರೂ ಹೇಳೋಣ ಅಂತಿದ್ದೆ. ಗೆಂಡೆಹಳ್ಳಿಗೆ ತೌರಿಗೆ ಹೋಗಿದ್ದಾಳೆ ಅಂದರು ಚಿಕ್ಕಬೀರಯ್ಯ. ಬಸ್ಸೇ ಇಲ್ಲವಲ್ಲ, ಹೇಗೆ ಹೋದರೋ. ಅವರ ಮನೆಯ ಹಾಲು ಅವರೇ ತಂದು ಅಳೆದುಕೊಂಡರು.

ಮೇ ೧೮, ಮಂಗಳವಾರ

ಮೂರು ಸಲ ಬರೆದು ಹೊಡೆದುಹಾಕಿದೆ.

ಬೆಳಿಗ್ಗೆ ಇವರು ಸಕ್ಕರೆ ಮಾತ್ರೆ ಮರೆತು ಹೋಗಿದ್ದರು. ಕೊಡೋಣ ಅಂತ ಗುಡಿಯ ಹಿಂಬಾಗಿಲಿಗೆ ಹೋದೆ. ಬಾವಿಯ ಪಕ್ಕದ ಗಳದ ಮೇಲೆ ಪಂಚೆ, ಉತ್ತರೀಯ. ಅದರ ಪಕ್ಕದಲ್ಲಿ ಮಾಸ್ಕು, ತೊಟ್ಟಿಕ್ಕುತ್ತಿದೆ. ಬಾಳೆಹೂವಿನ ಸಿಪ್ಪೆಯ ಹಾಗೆ ಮುದುಡಿದೆ. ಇವರು ಹೊರಗೆ ಬಂದು ನನ್ನ ಮುಖ ನೋಡಿದರು. ನಾನು ಏನೂ ಕೇಳುವ ಮೊದಲೇ ಹೆಮ್ಮೆಯಿಂದ, ‘ನೋಡು, ದಿನಾ ಎರಡು ಸಲ ಸೀಗೆಕಾಯಿ ಹಾಕಿ ಒಗೀತಿದ್ದೀನಿ. ಹನ್ನೊಂದು ದಿನದಲ್ಲಿ ಒಂದಿನವೂ ಮೈಲಿಗೆಯದು ಹಾಕಿಲ್ಲ’ ಅಂದರು.

ನಾನೇ ಹೇಳಿದ್ದೆ, ಪಂಚೆಯ ಹಾಗೆ ಜೋಪಾನ ಮಾಡಿ ಅಂತ. ಒಗೆಯಬಾರದು ಅನ್ನುವುದನ್ನು ಎರಡು ದಿನ ಬಿಟ್ಟು ಹೇಳುತ್ತೇನೆ ಅಂದುಕೊಂಡಿದ್ದೆ. ಹುಣಸೆ ಬೀಜ ಎಣಿಸುತ್ತಾ ಕೂತುಬಿಟ್ಟೆ. ಊರಿನ ಲೆಕ್ಕವೆಲ್ಲ ಹಾಕಿದವಳಿಗೆ ಮನೆಯ ಗಂಡಸಿಗೆ ಒಂದು ಮಾತು ಹೇಳುವುದು ನೆನಪಾಗಲಿಲ್ಲ. ಒಂದೇ ಒಗೆತಕ್ಕೆ ಅದರ ಹಿಡಿತ ಹೋಗಿರುತ್ತದೆ. ಉಳಿದ ದಿನವೆಲ್ಲ ಬರೀ ಬಟ್ಟೆ ಕಟ್ಟಿಕೊಂಡು ವಿಜಯಸಾರಥಿಯ ಎದುರು ಕೂತಿದ್ದರು.

ಅವರಿಗೆ ಏನೂ ಹೇಳಲಿಲ್ಲ. ಅಷ್ಟು ಖುಷಿಯಾಗಿ ತೋರಿಸಿದರು. ನನ್ನ ಮಾಸ್ಕು ಕೊಟ್ಟು, ಇದನ್ನು ಒಗೆಯಬೇಡಿ, ಬಿಸಿಲಿಗಿಟ್ಟರೆ ಮಡಿಯೇ ಅಂದೆ. ಹೌದಾ ಅಂದರು.

ಮೇ ೨೦, ಗುರುವಾರ

ಇವರಿಗೆ ಮೈ ಸ್ವಲ್ಪ ಬೆಚ್ಚಗಿದೆ. ಮೂವತ್ತು ವರ್ಷ ಒಲೆಯ ಮುಂದೆ ಕೂತವರಿಗೆ ಮೈ ಬೆಚ್ಚಗಿರದೆ ಇನ್ನೇನು. ಶುಂಠಿ ಕಷಾಯ ಕೊಟ್ಟೆ.

ಮೇ ೨೧, ಶುಕ್ರವಾರ

ನೂರಾ ಒಂದು. ಮಳೆಯ ಗಾಳಿ ಎದ್ದಿದೆ, ಬೇಲೂರಿನಲ್ಲಿ ಈ ಕಾಲಕ್ಕೆ ಎಲ್ಲರಿಗೂ ಶೀತ ಆಗುತ್ತದೆ.

ಟೆಸ್ಟು ಮಾಡಿಸಿದರೆ ಇವತ್ತೇ ಬಾಗಿಲಿಗೆ ಟೇಪು. ಗುಡಿಯವರನ್ನೆಲ್ಲ ಮನೆಯಲ್ಲಿ ಕೂರಿಸುತ್ತಾರೆ, ಸೇವೆ ನಿಂತುಹೋಗುತ್ತದೆ, ಅದು ಇವರ ಕಿವಿಗೆ ಬಿದ್ದರೆ ಜ್ವರಕ್ಕಿಂತ ಅದೇ ಹೆಚ್ಚಾಗುತ್ತದೆ. ಹಾಸನದಲ್ಲಿ ಬೆಡ್ಡಿಲ್ಲವಂತೆ. ಪಕ್ಕದ ಬೀದಿಯ ಪೋಸ್ಟ್ ಮಾಸ್ಟರು ನಡೆದುಕೊಂಡೇ ಹೋಗಿ ಆಂಬುಲೆನ್ಸ್ ಹತ್ತಿದರು, ಅವರ ಮುಖ ಮತ್ತೆ ಯಾರೂ ನೋಡಲಿಲ್ಲ. ಇವರನ್ನು ನಾನು ಅಲ್ಲಿಗೆ ಕಳಿಸುವುದಿಲ್ಲ. ಎರಡು ದಿನ ನೋಡೋಣ.

ವಿಜಯಸಾರಥಿ ಹಿತ್ತಿಲ ಬಾಗಿಲಿಗೆ ಬಂದು, ಅಡುಗೆ ತಾನೇ ಮಾಡಿ ನೈವೇದ್ಯ ಮಾಡುತ್ತೇನೆ, ರಾಮಾನುಜನೇ ಬಂದಿದ್ದ ಅಂತ ಇವರ ಹೆಸರು ಹೇಳಿದರಾಯಿತು ಅಂದ. ಬಂದ ಕಾಲಲ್ಲೇ ಹೋದ, ಒಳ್ಳೆಯವನು. ಕಾವ್ಯಶ್ರೀಗೆ ಫೋನ್ ಮಾಡಿದೆ. ನಮ್ಮ ಸ್ಕೂಲಿನ ಕನ್ನಡ ಟೀಚರು, ಮಾದಿಹಳ್ಳಿಯಲ್ಲೇ ಮನೆ. ಬೆನ್ನು ಹಿಡಿದುಕೊಂಡಿದೆ, ನನ್ನ ಮನೆಗಳನ್ನೂ ನೋಡಿ ನನ್ನ ಹೆಸರಲ್ಲೇ ರುಜು ಹಾಕಿಬಿಡಮ್ಮ ಅಂದೆ. ಅಯ್ಯೋ ಮೇಡಂ, ನೀವು ರೆಸ್ಟ್ ತಗೊಳ್ಳಿ ಅಂದಳು.

ಮೇ ೨೨, ಶನಿವಾರ

ಬೆಳಿಗ್ಗೆ ಹತ್ತಕ್ಕೆ ಬಾಗಿಲು ಬಡಿದರು. ನಮ್ಮ ಬೀದಿಯ ಸಮೀಕ್ಷೆಯ ಹುಡುಗಿ, ಭವ್ಯಾ ಅಂತೆ, ಅಂಗನವಾಡಿಯವಳು. ಮುಖಕ್ಕೆ ಅದೇ ಹೂವಿನ ಮಾಸ್ಕು. ಕಿಟಕಿಯಿಂದಲೇ ಮಾತಾಡಿದೆ. ಜ್ವರ, ಕೆಮ್ಮು ಯಾರಿಗಾದರೂ ಇದೆಯಾ ಅಂದಳು.

ಇಲ್ಲ ಅಂದೆ.

ಅಷ್ಟರಲ್ಲಿ ಇವರು ಒಳಗೆ ಕೆಮ್ಮಿದರು. ಒಗ್ಗರಣೆ ಘಾಟು ಅಂದೆ. ಅವಳು ಬರೆದುಕೊಂಡು ಹೋದಳು. ಅವಳಿಗೆ ಅಷ್ಟೇ ಬೇಕಿದ್ದದ್ದು.

ಮೇ ೨೩, ಭಾನುವಾರ

ತೊಂಬತ್ತೈದು. ಸಂಜೆ ತೊಂಬತ್ತನಾಲ್ಕು, ಬೆರಳಿಗೆ ಹಾಕಿ ಆಮ್ಲಜನಕ ನೋಡುವ ಯಂತ್ರದಲ್ಲಿ.

ಪ್ರಿಯಂವದಾ ಫೋನ್ ಮಾಡಿದಳು. ಅಪ್ಪ ಮಲಗಿದಾರೆ ಕಣೇ, ಏಕಾದಶಿ ಉಪವಾಸ ಮಾಡಿದ್ದರಲ್ಲ, ಸುಸ್ತು ಅಂದೆ.

ಮೇ ೨೪, ಸೋಮವಾರ

ಬೆಳಿಗ್ಗೆ ತೊಂಬತ್ತಮೂರು. ಈ ಚಿಮಟದಂಥ ಯಂತ್ರ ಸರಿಯಿಲ್ಲ, ಸೆಲ್ಲು ಹೋಗಿರಬೇಕು. ನನ್ನ ಬೆರಳಿಗೆ ಹಾಕಿದರೆ ತೊಂಬತ್ತೆಂಟು ತೋರಿಸುತ್ತದೆ. ಇವರ ಬೆರಳು ತಣ್ಣಗಿದೆ, ಅದಕ್ಕೇ. ಉಜ್ಜಿ ಬಿಸಿ ಮಾಡಿ ಹಾಕಿದೆ. ತೊಂಬತ್ತೆರಡು. ಬಲಗೈ ಬಿಟ್ಟು ಎಡಗೈಗೆ ಹಾಕಿದೆ. ತೊಂಬತ್ತೆರಡು.

ಮಧ್ಯಾಹ್ನ ಪುಳಿಯೋಗರೆ ಗೊಜ್ಜು ಕುದಿಸಿದೆ, ಬಾಯಿಗೆ ರುಚಿಯಾಗಲಿ ಅಂತ. ಗೊಜ್ಜಿಗೆ ವಾಸನೆಯೇ ಇರಲಿಲ್ಲ. ಇಂಗು ಹಳೇದಾಗಿದೆ.

ಮೇ ೨೫, ಮಂಗಳವಾರ

ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಏಳಕ್ಕೆ ಚಿಕ್ಕಬೀರಯ್ಯನವರ ಫೋನು ಬಂತು. ಅವರು ನನಗೆ ಯಾವತ್ತೂ ಫೋನ್ ಮಾಡಿದವರಲ್ಲ. ‘ಟೀಚರಮ್ಮ, ನಾಕು ದಿವಸದಿಂದ ನಿಮ್ಮ ಹಾಲು ಬ್ಯಾರೆಯೋರು ಹಾಕ್ತಾವ್ರೆ’ ಅಂದರು. ನನಗೆ ಹಸು ಎಲ್ಲಿಯದು, ಯಾರನ್ನೋ ಕರೆಯಲು ಹೋಗಿ ನನಗೆ ಮಾಡಿದ್ದಾರೆ ಅಂದುಕೊಂಡೆ. ಕಾವ್ಯಶ್ರೀ ಟೀಚರು ಸಮೀಕ್ಷೆಗೆ ಬಂದು ನಿಮ್ಮ ಹೆಸರಲ್ಲಿ ರುಜು ಹಾಕಿ ಹೋಗುತ್ತಾರೆ, ಹದಿನೆಂಟು ದಿನ ಒಂದಿನ ತಪ್ಪಿಸದೆ ಬಂದ ಟೀಚರಮ್ಮ ಎಲ್ಲಿ ಅಂತ ಅವರನ್ನೇ ಕೇಳಿದರೆ ಬೆನ್ನು ನೋವು ಅಂತಾರೆ, ನಾನು ನಂಬಲಿಲ್ಲ ಅಂದರು ಚಿಕ್ಕಬೀರಯ್ಯ. ‘ನಿಮ್ಮನ್ನ ಚೀಟೀಲಿ ಬರ್ಕಂಡಿವ್ನಿ.’

ನಾನು ಬೆನ್ನು ನೋವೇ ಅಂದೆ. ಅವರ ಹಿಂದೆ ಎಲ್ಲೋ ಹಸು ಕೂಗಿತು.

‘ಅವತ್ತು ನಿಮಗೆ ಇಪ್ಪತ್ನಾಕು ನಂಬರ್ ಕೊಟ್ಟೆ. ಇಪ್ಪತ್ತೈದನೇದು ನಂದೇ ಇತ್ತು ಟೀಚರಮ್ಮ, ಬರೀನಿಲ್ಲ. ದಿನಾ ಹಾಲು ಹಾಕ್ತಿದ್ದೋಳು ಗಿರಿಯಮ್ಮ. ಚೀಟಿ ಕೊಟ್ಟ ಹಿಂದ್ಲ ದಿನದಿಂದ ಅವ್ಳು ಹಿಂದಿನ ಕೋಣೇಲಿ ಮಲಗಿದ್ಲು, ನಾನೇ ಹಾಕ್ಕಂತಿದ್ದೆ. ತೌರಿಗೆ ಹೋಗವ್ಳೆ ಅಂದೆ ನಿಮಗೆ. ಊರೋರ ಗುಟ್ಟೆಲ್ಲ ಇಟ್ಕಂಡೋನು ನನ್ನ ಮನೇದು ಹೆಂಗೆ ಯೋಳ್ಲಿ ಅಂತ. ಮೊನ್ನೆ ಭಾನುವಾರ ಆಸ್ಪತ್ರೇಲಿ ತೀರ್ಕಂಡ್ಲು. ಎಲ್ಡು ದಿನ ಮುಂಚೆ ತಂದಿದ್ರೆ ಅಂದ್ರು ಡಾಕ್ಟ್ರು.’ ಆಮೇಲೆ, ‘ನಿಮ್ಮನೇಲಿ ಯಾರ್‌ಗೆ ಐತೆ?’ ಅಂತ ಕೇಳಿದರು.

ಇವರಿಗೆ ಅಂದೆ. ನಾಲ್ಕು ದಿನದಲ್ಲಿ ಆ ಮಾತು ಮೊದಲ ಸಲ ಬಾಯಿಂದ ಬಂತು. ಎಷ್ಟು ಐತೆ ಅಂದರು. ಅವಾಗ ನೋಡಿದೆ, ತೊಂಬತ್ತು. ‘ಫೋನ್ ಮಡಗಿ, ಹೊರಡಿ’ ಅಂದರು.

ಲತಾಮಣಿಗೆ ಹೇಳಿದ ಅರ್ಧ ಗಂಟೆಯಲ್ಲಿ ಆಂಬುಲೆನ್ಸ್ ಬಂತು. ಹಾಸನಕ್ಕಲ್ಲ, ಇಲ್ಲೇ ಬೇಲೂರಿನಲ್ಲಿ ಬೆಡ್ಡು ಸಿಕ್ಕಿತು. ಆಮ್ಲಜನಕ ಹಾಕಿದ್ದಾರೆ. ಇನ್ನೂ ಎರಡು ದಿನ ಏನೂ ಹೇಳಲಾಗುವುದಿಲ್ಲ ಅಂದರು. ಇವರು ಸ್ಟ್ರೆಚರಿನ ಮೇಲೆ ಮಲಗಿಕೊಂಡು ನನ್ನ ಸೆರಗು ಹಿಡಿದು, ‘ಮಾಸ್ಕು ಗಳದ ಮೇಲೇ ಇದೆ ಕಣೇ, ಯಾರಾದ್ರೂ ಮುಟ್ಟಿಬಿಟ್ಟಾರು’ ಅಂದರು. ನನ್ನ ತಪ್ಪು ಅಂತ ಆಗಲೂ ಹೇಳಲಿಲ್ಲ, ಹೇಳುವ ಹೊತ್ತೂ ಅಲ್ಲ. ಗಿರಿಯಮ್ಮನ ಮಜ್ಜಿಗೆಯನ್ನು ಅಲ್ಲೇ ಬಿಟ್ಟುಬಂದದ್ದು ಬೆಳಿಗ್ಗೆಯಿಂದ ನೆನಪಾಗುತ್ತಿದೆ. ಅಳು ಬರುತ್ತದೆ.

ನನಗೂ ಕಡ್ಡಿ ಹಾಕಿದರು.

ಮೇ ೨೭, ಗುರುವಾರ

ನನ್ನದೂ ಪಾಸಿಟಿವ್. ಇಂಗು ಹಳೇದಾಗಿರಲಿಲ್ಲ. ಬಾಗಿಲಿಗೆ ಟೇಪು ಕಟ್ಟಿ ಹೋದರು. ಪ್ರಿಯಂವದಾ ಅರಸೀಕೆರೆಯಿಂದ ಶಶಿಕಿರಣನ ವ್ಯಾನಿನಲ್ಲೇ ಬಂದು ಅಪ್ಪನ ಹತ್ತಿರ ಇದ್ದಾಳೆ. ಫೋನಿನಲ್ಲಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗುಡಿಯ ನಾಲ್ವರಲ್ಲಿ ಮೂವರದು ಪಾಸಿಟಿವ್, ವಿಜಯಸಾರಥಿಯದೂ. ಅವನಿಗೆ ಕೆಮ್ಮು ಬಿಟ್ಟರೆ ಏನಿಲ್ಲ. ಬೇರೆ ಬೀದಿಯಿಂದ ಒಬ್ಬರು ಬಂದು ಬೆಲ್ಲ, ಹಾಲು ನೈವೇದ್ಯ ಮಾಡಿ ಹೋಗುತ್ತಿದ್ದಾರಂತೆ. ದೇವರು ಏನೂ ಅಂದಿಲ್ಲ.

ಕೂತು ಕೂತು ಬೇಸರವಾಗಿ ಹಳೇ ಲೆಕ್ಕ ತೆಗೆದೆ. ಚಿಕ್ಕಬೀರಯ್ಯನವರ ಮನೆ ಸೇರಿಸಿದರೆ ಹಾಲಿನ ಪಟ್ಟಿ ಇಪ್ಪತ್ತೈದು. ಇಪ್ಪತ್ತನ್ನು ಇಪ್ಪತ್ತೈದರಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ಅರವತ್ತೆರಡೂವರೆ ಮನೆ. ಉತ್ತರದಲ್ಲಿ ಅರ್ಧ ಮನೆ ಬಂದರೆ ಪೂರ್ತಿ ಮಾಡಿ ಬರೀರಿ ಅಂತ ಮಕ್ಕಳಿಗೆ ಹೇಳುತ್ತಿದ್ದೆ, ಅರ್ಧ ಮನೆ ಅಂತ ಎಲ್ಲಾದರೂ ಇರುತ್ತೇನ್ರೋ ಅಂತ ನಗಿಸುತ್ತಿದ್ದೆ. ಇವತ್ತು ಹಾಗೇ ಬಿಟ್ಟೆ.

ಮೇ ೨೮, ಶುಕ್ರವಾರ

ತೊಂಬತ್ತೊಂದು, ಆಮ್ಲಜನಕ ಹಾಕಿದ ಮೇಲೂ. ಸಕ್ಕರೆ ಮುನ್ನೂರ ನಲವತ್ತು. ಏನೂ ಬರೆಯಲಾರೆ.

ಮೇ ೩೧, ಸೋಮವಾರ

ತೊಂಬತ್ತೈದು. ಮೊಸರನ್ನ ಕೇಳಿದರಂತೆ. ಒಗ್ಗರಣೆಯಲ್ಲಿ ಶುಂಠಿ ಕಡಿಮೆ ಅಂತ ತಕರಾರು ಮಾಡಿದರಂತೆ. ಪ್ರಿಯಂವದಾ ಇದನ್ನು ಹೇಳುವಾಗ ಅಳುತ್ತಿದ್ದಳು, ನಾನೂ ಅತ್ತೆ.

ಜೂನ್ ೫, ಶನಿವಾರ

ಬಂದರು. ಅರ್ಧ ಆಗಿದ್ದಾರೆ. ಹೊಸಿಲು ದಾಟಿ ಒಳಗೆ ಬಂದು ಕೂರುವುದಕ್ಕೆ ಮೂರು ಸಲ ನಿಂತರು. ಮಧ್ಯಾಹ್ನ ಎಲ್ಲ ಹೇಳಿದೆ: ಒಗೆಯಬಾರದಿತ್ತು, ನನಗೆ ಗೊತ್ತಿತ್ತು, ಹೇಳಿದರೆ ನೀವು ಹಾಕಿಕೊಳ್ಳುವುದಿಲ್ಲ ಅಂತ ಮುಚ್ಚಿಟ್ಟೆ, ಆಮೇಲೆ ಮರೆತೆ. ‘ಹಾಗಾದ್ರೆ ಹನ್ನೊಂದು ದಿನ ಸುಮ್ಮನೆ ಒಗೆದೆ’ ಅಂದರು. ರಾತ್ರಿಯ ಊಟಕ್ಕೆ ನನ್ನ ಕೈಯಿಂದ ಬೇಡ, ಮಗಳು ಬಡಿಸಲಿ ಅಂದರು. ಬಡಿಸಲಿ.

ಜೂನ್ ೯, ಬುಧವಾರ

ನಿನ್ನೆ ಮಾದಿಹಳ್ಳಿಗೆ ಹೋಗಿದ್ದೆ. ಡೈರಿಯ ಕಟ್ಟೆಯ ಮೇಲೆ ಚಿಕ್ಕಬೀರಯ್ಯನವರ ಎದುರು ದೂರದಲ್ಲಿ ಕೂತೆ. ಅವರೇ ಎದ್ದುಹೋಗಿ ಒಳಗಿಂದ ಒಂದು ಲೋಟ ಮಜ್ಜಿಗೆ ತಂದಿಟ್ಟರು. ಉಪ್ಪು ಹೆಚ್ಚಾಗಿತ್ತು. ಪೂರ್ತಿ ಕುಡಿದೆ.

ಇವತ್ತು ಹತ್ತು ಗಂಟೆಗೆ ಭವ್ಯಾ ಮತ್ತೆ ಬಂದಳು. ಮಾಸ್ಕು ಹಾಕಿಕೊಂಡು ಬಾಗಿಲು ತೆಗೆದು ಜಗಲಿಗೆ ಬಂದೆ. ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು ಇದೆಯಾ ಮೇಡಂ ಅಂದಳು, ಪುಸ್ತಕದಿಂದ ತಲೆ ಎತ್ತದೆ.

ಇತ್ತು ಅಂದೆ. ಹೋದ ಸಲ ನೀನು ಬಂದಾಗಲೂ ಇತ್ತು, ಇಪ್ಪತ್ತನೇ ತಾರೀಕಿನಿಂದಲೇ. ಇಲ್ಲ ಅಂದೆ, ಸುಳ್ಳು ಹೇಳಿದೆ. ಬರ್ಕೋ.

ಅವಳು ಪುಟವನ್ನು ಹಿಂದೆ ಮುಂದೆ ತಿರುಗಿಸಿದಳು. ಹಿಂದಿನದಕ್ಕೆ ಕಾಲಂ ಇಲ್ಲ ಮೇಡಂ ಅಂದಳು. ಅಂಚಿನಲ್ಲಿ ಬರಿ ಅಂದೆ. ಅಂಚಿನಲ್ಲಿ ನಮ್ಮ ಮನೆಯ ನಂಬರ್, ತಾರೀಕು ಬರೆದಳು. ಬರೆದಾದ ಮೇಲೂ ಹೋಗದೆ ಪೆನ್ನಿನ ಮುಚ್ಚಳ ಹಾಕುತ್ತಾ ತೆಗೆಯುತ್ತಾ ನಿಂತಿದ್ದಳು.

‘ಮೇಡಂ, ನಮ್ಮನೇಲೂ ಇತ್ತು. ನಮ್ಮತ್ತೆಗೆ. ನಾನೂ ಬರೆದಿಲ್ಲ’ ಅಂದಳು.

ಅತ್ತೆ ಹೇಗಿದ್ದಾರೆ ಅಂದೆ. ಈಗ ಎದ್ದು ಓಡಾಡುತ್ತಾರೆ ಅಂದಳು. ನಮ್ಮದರ ಕೆಳಗೇ ಜಾಗ ಇದೆ ನೋಡು ಅಂದೆ. ಬರೆದಳು.